200 ಬಾರ್ ಕೈಪಂಪು: ಮೂರು ಮಳೆಗಾಲ ಕಳೆದ ಮೇಲೆ

ಪಂಪು ಕೊರಿಯರ್‌ನಲ್ಲಿ ಬಂದ ದಿನ ಅಮ್ಮ ಪೆಟ್ಟಿಗೆ ಬಿಚ್ಚುವುದನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಕೇಳಿದರು, "ಮನೇಲಿ ಸೈಕಲ್ಲೇ ಇಲ್ಲೆ, ಪಂಪ್ ಎಂತಕ್ಕೆ?"

ನೋಡಲು ಸೈಕಲ್ ಪಂಪಿನ ಹಾಗೇ ಇದೆ. ಕೆಳಗೆ ಕಾಲಿಡಲು ಎರಡು ರೆಕ್ಕೆ, ಮೇಲೆ ಅಡ್ಡ ಹಿಡಿ. ಒಳಗೆ ಮಾತ್ರ ಒಂದರೊಳಗೆ ಒಂದು ಮೂರು ಕೊಳವೆ. ಗಾಳಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಬಿಗಿಯಾಗುತ್ತದೆ. ಮಗಳದು ಗಾಳಿಯ ಬಲದಲ್ಲೇ ಗುಂಡು ಹೊಡೆಯುವ ಏರ್ ಪಿಸ್ತೂಲು, ಅದರ ಸಿಲಿಂಡರ್‌ಗೆ 200 ಬಾರ್ ಒತ್ತಡ ಬೇಕು. ಕಾರಿನ ಚಕ್ರಕ್ಕೆ ಹಾಕುವುದರ ಸುಮಾರು ನೂರು ಪಟ್ಟು. "ಪಂಕ್ಚರ್ ಅಂಗಡೀಲಿ ಹೊಡೆಸಬಾರದಾ?" ಎಂದು ಇಲ್ಲಿಯವರೆಗೆ ಹತ್ತು ಜನ ಕೇಳಿದ್ದಾರೆ. ಅಲ್ಲಿನ ಕಂಪ್ರೆಸರ್ ಎಂಟು ಹತ್ತು ಬಾರ್‌ಗೆ ಸುಸ್ತಾಗುತ್ತದೆ.

ನಮ್ಮದು ಹೊಸನಗರ ತಾಲೂಕು. ಮಗಳು ಹತ್ತು ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಗೆ ಗುರಿ ಹೊಡೆಯುತ್ತಾಳೆ. ಭಾನುವಾರ ಶಿವಮೊಗ್ಗಕ್ಕೆ ಹೋಗಿ ಕಲಿಯುವುದು, ಉಳಿದ ದಿನ ಮನೆಯಲ್ಲೇ, ಅಡಿಕೆ ಸುಲಿಯುವ ಚಪ್ಪರದಲ್ಲಿ. ಮೊದಲು ವಾರಕ್ಕೊಮ್ಮೆ ಸಿಲಿಂಡರ್ ಹಿಡಿದುಕೊಂಡು ಶಿವಮೊಗ್ಗಕ್ಕೇ ಹೋಗುತ್ತಿದ್ದೆವು. ಒಂದು ಸಲ ಘಾಟಿ ಇಳಿದು ಮುರುಡೇಶ್ವರದವರೆಗೂ ಹೋಗಿ, ನೇತ್ರಾಣಿಗೆ ಡೈವಿಂಗ್ ಕರೆದುಕೊಂಡು ಹೋಗುವವರ ಹತ್ತಿರ ತುಂಬಿಸಿಕೊಂಡು ಬಂದಿದ್ದೂ ಉಂಟು. ಪೆಟ್ರೋಲ್ ಲೆಕ್ಕ ಹಾಕಿದ ಮೇಲೆ, 2022ರ ನವೆಂಬರ್‌ನಲ್ಲಿ, ₹16,500 ಕೊಟ್ಟು ಈ ಪಂಪು ತರಿಸಿದೆ. ಕರೆಂಟಿನ ಕಂಪ್ರೆಸರ್‌ಗೆ ಆಗ ಇದರ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಅಲ್ಲದೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿರುವುದು ಯಾವಾಗ ಅಂತ ನಿಮಗೇ ಗೊತ್ತಲ್ವಾ.

ಮೊದಲ ಏಳು ತಿಂಗಳು ನನಗೆ ಈ ಪಂಪಿನ ಮೇಲೆ ಪ್ರೀತಿಯೇ ಹುಟ್ಟಿತ್ತು. ಸಂಜೆ ಐದೂವರೆಗೆ ಕಾಫಿ ಕುಡಿದು ಚಪ್ಪರಕ್ಕೆ ಹೋಗುತ್ತಿದ್ದೆ. ಸಿಲಿಂಡರ್ ತಿರುಗಿಸಿ ಸಿಕ್ಕಿಸುವುದು, ಗಾಳಿ ಬಿಡುವ ಪುಟ್ಟ ತಿರುಪು ಬಿಗಿ ಮಾಡುವುದು, ಆಮೇಲೆ ಒತ್ತುವುದು. 130 ಬಾರ್‌ಗೆ ಇಳಿದದ್ದನ್ನು 200ಕ್ಕೆ ಏರಿಸಲು 75 ಸಲ ಒತ್ತಬೇಕು, ಒಂದೆರಡು ಹೆಚ್ಚು ಕಡಿಮೆ. 150ರವರೆಗೆ ಕೈ ಸಾಕು. ಅಲ್ಲಿಂದ ಮೇಲೆ ಮೈಭಾರವನ್ನೇ ಬಿಡಬೇಕು: ಮೊಣಕೈ ನೆಟ್ಟಗೆ, ಮಂಡಿ ತುಸು ಮಡಚಿ, ಅಡಿಕೆ ಮೂಟೆ ಇಳಿಸುವಾಗ ಬಗ್ಗುತ್ತೇವಲ್ಲ ಹಾಗೆ. ಮೇಲೆ ಒಂದು ಕ್ಷಣ, ಕೆಳಗೆ ಒಂದು ಕ್ಷಣ ನಿಲ್ಲಬೇಕು. ಅವಸರ ಮಾಡಿದರೆ ಕೊಳವೆ ಬಿಸಿಯಾಗುತ್ತದೆ, ಗಾಳಿ ಸೋರದಂತೆ ತಡೆಯುವ ಸೀಲ್ ಬೇಗ ಸವೆಯುತ್ತದೆ. ನಾನು 25ಕ್ಕೊಮ್ಮೆ ನಿಲ್ಲಿಸಿ ಕವಳ ಹಾಕುತ್ತೇನೆ. ಮಗಳು ಎಣಿಸುತ್ತಾಳೆ. ಎಣಿಸುತ್ತಲೇ ಡಬ್ಬಿಯಿಂದ ಛರ್ರೆಗಳನ್ನು, ಅಂದರೆ ಪಿಸ್ತೂಲಿನ ಪುಟ್ಟ ಗುಂಡುಗಳನ್ನು, ಒಂದೊಂದಾಗಿ ತೆಗೆದು ಹಿಂಬದಿಯ ಅಗಲ ಅಂಚು, ಅದರ ಪಾವಾಡೆ, ಬಗ್ಗಿದೆಯಾ ಅಂತ ನೋಡುತ್ತಾಳೆ. ಅರ್ಧ ಗ್ರಾಂ ಸೀಸ, 4.5 ಮಿ.ಮೀ. ಅಗಲ. ಅಂಚು ಸ್ವಲ್ಪ ಬಗ್ಗಿದ್ದರೂ ಪಕ್ಕಕ್ಕೆ. ಹತ್ತು ಅಂಕದ ವೃತ್ತ 11.5 ಮಿ.ಮೀ. ಮಾತ್ರ, ನಮ್ಮ ಶರಟಿನ ಗುಂಡಿಯಷ್ಟು. ಹತ್ತು ಮೀಟರ್ ದೂರದಿಂದ, ಒಂದೇ ಕೈಯಲ್ಲಿ.

ಹೂಸ್ಟನ್‌ನಲ್ಲಿರುವ ನನ್ನ ಅಕ್ಕನ ಮಗನಿಗೆ ಇದೆಲ್ಲ ಮಕ್ಕಳಾಟ. ಅವನು ಗ್ಯಾರೇಜಿನಲ್ಲಿ ಪ್ರೋಗ್ರೆಸಿವ್ ಪ್ರೆಸ್ ಇಟ್ಟುಕೊಂಡು ತನ್ನ ಪಿಸ್ತೂಲಿನ ತೋಟಾಗಳನ್ನು ತಾನೇ ತಯಾರಿಸುತ್ತಾನೆ. ವಿಡಿಯೊ ಕಾಲ್‌ನಲ್ಲಿ ತೋರಿಸಿದ. ಒಂದು ಸಲ ಹಿಡಿ ಎಳೆದರೆ ತಟ್ಟೆ ಒಂದು ಮನೆ ಮುಂದೆ ತಿರುಗುತ್ತದೆ, ಎಲ್ಲ ಮನೆಯ ಕೆಲಸವೂ ಒಟ್ಟಿಗೇ ಆಗುತ್ತದೆ, ಕೊನೆಯಲ್ಲಿ ಒಂದು ತಯಾರಾದ ತೋಟಾ ಟಣ್ ಎಂದು ಬುಟ್ಟಿಗೆ ಬೀಳುತ್ತದೆ. ಗಂಟೆಗೆ ನಾನೂರು. ಇಲ್ಲಿ ಹಾಗೆ ಮಾಡಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ನೇರ ಮನೆ ಬಾಗಿಲಿಗೆ ಬರುತ್ತದೆ. ಅಪ್ಪನ ಜೋಡು ನಳಿಗೆ ಕೋವಿಯೇ ಎಲೆಕ್ಷನ್ ಬಂದಾಗಲೆಲ್ಲ ಠಾಣೆಯಲ್ಲಿ ಹೋಗಿ ಕೂತು ಬರುತ್ತದೆ. ನಮ್ಮ ಪಾಲಿಗೆ ಮದ್ದು ಅಂದರೆ ಗಾಳಿ. ಅದನ್ನು ತುಂಬಲು ಯಾರ ಅಪ್ಪಣೆಯೂ ಬೇಡ. "ದುಡ್ಡು ಉಳೀತಾ?" ಅಂತ ಅವನನ್ನು ಕೇಳಿದೆ. "ಇಲ್ಲ ಮಾವ, ಜಾಸ್ತಿ ಹೊಡೆದೆ ಅಷ್ಟೇ" ಅಂದ. ನಮ್ಮದೂ ಅದೇ ಕತೆ. ಮೊದಲು ತಿಂಗಳಿಗೆ ಎರಡು ಡಬ್ಬಿ ಛರ್ರೆ ಸಾಕಾಗುತ್ತಿತ್ತು, ಪಂಪು ಬಂದ ಮೇಲೆ ನಾಲ್ಕಾಯಿತು.

ಆಮೇಲೆ ಮಳೆ ಬಂತು.

2023ರ ಆರ್ದ್ರಾ ಮಳೆಯಲ್ಲಿ ಮೊದಲ ಸಲ ಗಮನಿಸಿದೆ. ಒತ್ತಿ ಮುಗಿಸಿ ತಿರುಪು ಸಡಿಲಿಸಿದಾಗ ಬರೀ ಸುಯ್ ಎನ್ನುವ ಗಾಳಿಯಲ್ಲ, ಬಿಳಿ ಮಂಜಿನ ಜೊತೆ ನೀರು ಉಗುಳಿತು. ಕೆಳಗೆ ಹಾಸಿದ್ದ ಪೇಪರ್ ಮೇಲೆ ರೂಪಾಯಿ ನಾಣ್ಯದಷ್ಟು ಒದ್ದೆ. ಸುಮ್ನೆ ಒರೆಸಿ ಬಿಟ್ಟೆ. ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ಮಗಳ ಛರ್ರೆಗಳು ಗುರಿಗಿಂತ ಕೆಳಗೆ ಬೀಳತೊಡಗಿದವು. ಒಂದು ಹತ್ತಕ್ಕೆ, ಇನ್ನೊಂದು ಏಳಕ್ಕೆ. ತಪ್ಪು ತನ್ನದೇ ಅಂದುಕೊಂಡು ಎರಡು ವಾರ ಕೈ ಸರಿಮಾಡಿಕೊಳ್ಳುತ್ತಾ ಒದ್ದಾಡಿದಳು. ಕೊನೆಗೆ ಒಂದು ಸಂಜೆ ಅಳುತ್ತಾ, "ಮನು ಭಾಕರ್‌ಗೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಿಸ್ತೂಲೇ ಕೆಟ್ಟಿತ್ತು ಅಲ್ವಾ ಅಪ್ಪ" ಅಂದಳು. ಆಗ ನನಗೆ ತಲೆಗೆ ಹೋಯಿತು.

ಪಿಸ್ತೂಲನ್ನು ಬೆಂಗಳೂರಿನಲ್ಲಿ ಬಿಚ್ಚಿಸಿದೆವು. ಸಿಲಿಂಡರ್ ಬಾಯಲ್ಲಿ, ಪ್ರತಿ ಹೊಡೆತಕ್ಕೂ ಒಂದೇ ಒತ್ತಡ ಕೊಡುವ ರೆಗ್ಯುಲೇಟರ್ ಒಳಗೆ ಸುಣ್ಣದ ಹಾಗೆ ಬಿಳಿ ಪುಡಿ. ಅಲ್ಯೂಮಿನಿಯಂ ನೀರು ಕುಡಿದು ಬಿಟ್ಟದ್ದು. ರಿಪೇರಿಗೆ ₹7,200. ಪಂಪು ಮಾರಿದವರಿಗೆ ಫೋನ್ ಮಾಡಿದರೆ, "ಒಣ ಜಾಗದಲ್ಲಿ ಉಪಯೋಗಿಸಿ ಸಾರ್" ಅಂದರು. ಹುಲಿಕಲ್ ಘಾಟಿಯ ನೆತ್ತಿಯಲ್ಲಿರುವವನಿಗೆ ಜುಲೈ ತಿಂಗಳಲ್ಲಿ ಒಣ ಜಾಗ ತೋರಿಸಿ ಅಂದೆ. ಫೋನ್ ಇಟ್ಟರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ಸಲ ತುಂಬಲು ಹೊರಗಿನ ಸುಮಾರು 8 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಮಳೆಗಾಲದ ಗಾಳಿಯಲ್ಲಿ ಸಾವಿರ ಲೀಟರ್‌ಗೆ ಸುಮಾರು 20 ಗ್ರಾಂ ನೀರಿರುತ್ತದೆ. ಅಂದರೆ ನಮ್ಮ 8 ಲೀಟರ್‌ನಲ್ಲಿ ಮೂರು ಹನಿ. ಗಾಳಿಯನ್ನು ಇನ್ನೂರನೇ ಒಂದು ಪಾಲಿಗೆ ಹಿಂಡಿದರೆ ಆ ನೀರು ಆವಿಯಾಗಿ ಉಳಿಯಲು ಜಾಗವೇ ಇಲ್ಲ, ಹೆಚ್ಚುಕಮ್ಮಿ ಎಲ್ಲ ನೀರಾಗಿ ಇಳಿಯುತ್ತದೆ. ಪಂಪಿನ ಬುಡದಲ್ಲಿ ಒಂದು ಹತ್ತಿಯ ಫಿಲ್ಟರ್ ಇದೆ. ಅದು ಮೊದಲ ಕೆಲವು ಹನಿ ಕುಡಿಯುತ್ತದೆ, ಆಮೇಲೆ ನೆನೆದ ಬತ್ತಿಯ ಹಾಗೆ ಮುಂದಕ್ಕೆ ಕಳಿಸುತ್ತದೆ. ಮೂರು ಹನಿ, ಎರಡು ದಿನಕ್ಕೊಮ್ಮೆ, ಎರಡು ತಿಂಗಳು.

ನಾನೂ ಮೊದಲು ದಡ್ಡ ಕೆಲಸವನ್ನೇ ಮಾಡಿದೆ. ಆ ವರ್ಷದ ಕೊಯ್ಲು ಶುರುವಾದಾಗ ಮಳೆ ಇನ್ನೂ ಬಿಟ್ಟಿರಲಿಲ್ಲ. ಅಡಿಕೆ ಬೇಯಿಸುವ ಒಲೆಯ ಪಕ್ಕ ಬೆಚ್ಚಗಿದೆಯಲ್ಲ ಅಂತ ಪಂಪನ್ನು ಅಲ್ಲಿಗೆ ಒಯ್ದೆ. ಗಾಳಿ ಬಿಸಿಯಾದ ಮಾತ್ರಕ್ಕೆ ಅದರೊಳಗಿನ ನೀರು ಎಲ್ಲಿಗೂ ಹೋಗುವುದಿಲ್ಲ. ಮೇಲಿಂದ ಹಂಡೆಯ ಉಗಿ ಬೇರೆ. ಅವತ್ತು ತಿರುಪು ಬಿಚ್ಚಿದರೆ ಚೊಗರಿನ ವಾಸನೆಯ ನೀರು ಬಂತು! ಸುಲಿಯಲು ಬಂದ ಹೆಂಗಸರು ನಕ್ಕಿದ್ದೇ ನಕ್ಕಿದ್ದು.

ಪರಿಹಾರ ಸಿಕ್ಕಿದ್ದು ₹400ರಲ್ಲಿ. ಪಂಪು ಗಾಳಿ ಎಳೆದುಕೊಳ್ಳುವ ತೂತಿಗೆ ಒಂದು ನಳಿಗೆ ಜೋಡಿಸಿ, ಅದರ ಇನ್ನೊಂದು ತುದಿಗೆ ಸಿಲಿಕಾ ಜೆಲ್ ತುಂಬಿದ ಚಿಕ್ಕ ಡಬ್ಬಿ. ನೀಲಿ ಕಾಳು ನೀರು ಕುಡಿದರೆ ಗುಲಾಬಿಯಾಗುತ್ತದೆ. ಆಗ ಹುರಿದು ಮತ್ತೆ ನೀಲಿ ಮಾಡಿಕೊಳ್ಳಬೇಕು. ಇದಕ್ಕೇ ಒಂದು ಹಳೇ ಬಾಣಲೆ ಬೇರೆ ಇಟ್ಟಿದ್ದೇನೆ, ಯಾಕೆಂದರೆ ಆ ನೀಲಿ ಬಣ್ಣ ಕೋಬಾಲ್ಟ್ ಉಪ್ಪಿನದು, ಅಡುಗೆ ಪಾತ್ರೆಗೆ ಸೋಕಬಾರದು. ಸಣ್ಣ ಉರಿಯಲ್ಲಿ, ಹೊರಗಿನ ಒಲೆಯಲ್ಲಿ, ಕೈಯಾಡಿಸುತ್ತಾ ಇದ್ದರೆ ಗುಲಾಬಿ ಮೆಲ್ಲಗೆ ನೇರಳೆಯಾಗಿ, ಆಮೇಲೆ ಅಂಚಿನಿಂದ ನೀಲಿ ಹಿಡಿಯುತ್ತದೆ. ಅದನ್ನು ನೋಡುತ್ತಾ ಕೂರುವುದು ನನಗೆ ಈಗ ಒಂಥರಾ ಚಟ. ಡಬ್ಬಿಗೆ ಮುಚ್ಚಳ ಹಾಕಲು ಮರೆತರೆ ಮಾತ್ರ ಎರಡು ದಿನದಲ್ಲಿ ಮತ್ತೆ ಗುಲಾಬಿ. ಒಂದು ಸಲ ತುಂಬಿದ ಕಾಳು ಮಳೆಗಾಲದಲ್ಲಿ ಒಂದೂವರೆ ತಿಂಗಳು ಬರುತ್ತದೆ, ಜನವರಿಯಲ್ಲಿ ಬಿಚ್ಚಿ ನೋಡುವುದೇ ಇಲ್ಲ.

2024ರ ಪುಷ್ಯ ಮಳೆಯಲ್ಲಿ ಪರೀಕ್ಷೆ ಆಯಿತು. ಜುಲೈ 28, ಪ್ಯಾರಿಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ ದಿನ. ಕರೆಂಟಿಲ್ಲ, ನೆಟ್‌ವರ್ಕ್ ಒಂದೇ ಗೀಟು, ಮೊಬೈಲ್ ಕಿಟಕಿಗೆ ಒರಗಿಸಿಟ್ಟು ನೋಡಿದೆವು. ಮುಗಿದ ಕೂಡಲೇ ಮಗಳು ಟಾರ್ಚ್ ಹಿಡಿದು ಚಪ್ಪರಕ್ಕೆ ಹೊರಟಳು. ನಾನು ಒತ್ತಿದೆ. ತಿರುಪು ಬಿಚ್ಚಿದಾಗ ಪೇಪರ್ ಒಣಗಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದಳು.

ಉಳಿದ ವಿಷಯ ಬೇಗ ಹೇಳುತ್ತೇನೆ. ಮೂರು ವರ್ಷದಲ್ಲಿ ಸೀಲ್ ಕಿಟ್ ಎರಡು ಸಲ ಬದಲಿಸಿದೆ, ಮನೆಯಲ್ಲೇ ಆಗುವ ಕೆಲಸ. ಸಿಲಿಕೋನ್ ಗ್ರೀಸ್ ಬಿಟ್ಟು ಬೇರೆ ಏನೂ ಹಚ್ಚಬೇಡಿ. ಪಕ್ಕದ ಮನೆಯ ಭಾವ ಕೊಬ್ಬರಿ ಎಣ್ಣೆ ಹಿಡಿದುಕೊಂಡೇ ಬಂದಿದ್ದರು. ಈ ಒತ್ತಡದಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು. ಪಂಪಿನ ಮೀಟರ್ ಐದು ಬಾರ್ ಹೆಚ್ಚು ತೋರಿಸುತ್ತದೆ, ಅಭ್ಯಾಸವಾಗಿದೆ. ಹಳೇ ಪಿಸ್ತೂಲ್ ಕೊಳ್ಳುವವರು ಸಿಲಿಂಡರ್ ಮೇಲಿನ ತಾರೀಖು ನೋಡಿ. ಅದರ ಆಯಸ್ಸು ಹತ್ತು ವರ್ಷ, ಆಮೇಲೆ ಸ್ಪರ್ಧೆಗೆ ಬಿಡುವುದಿಲ್ಲ.

ಬಯಲುಸೀಮೆಯವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಮಲೆನಾಡಿನವರು ಸಿಲಿಕಾ ಡಬ್ಬಿ ಮೊದಲು ತರಿಸಿ, ಪಂಪು ಆಮೇಲೆ. ಸೊಂಟನೋವಿರುವವರಿಗೆ ಬೇಡವೇ ಬೇಡ. ಐದರಲ್ಲಿ ಮೂರೂವರೆ ನಕ್ಷತ್ರ. ಕಳೆದುಕೊಂಡ ಒಂದೂವರೆಯಲ್ಲಿ ಒಂದು ಆ ಫೋನಿಗೆ.

ಮಗಳು ಬರುವ ಜೂನ್‌ಗೆ ಪಿಯುಸಿ ಓದಲು ಶಿವಮೊಗ್ಗಕ್ಕೆ ಹೋಗುತ್ತಾಳೆ. ಅಲ್ಲಿ ರೇಂಜಿನಲ್ಲೇ ದೊಡ್ಡ ಸಿಲಿಂಡರ್ ಇದೆ, ಎರಡು ನಿಮಿಷದಲ್ಲಿ ತುಂಬುತ್ತದೆ. "ಪಂಪ್ ಮಾರಿಬಿಡು ಅಪ್ಪ, ಒಳ್ಳೆ ರೇಟ್ ಬರ್ತದೆ" ಅಂದಳು. ನೋಡೋಣ ಅಂದೆ. ಹೋದ ವಾರ ಮೂರನೇ ಸೀಲ್ ಕಿಟ್ ತರಿಸಿ ಅಟ್ಟದ ಮೇಲಿಟ್ಟಿದ್ದೇನೆ, ಅವಳಿಗೆ ಇನ್ನೂ ಹೇಳಿಲ್ಲ.