ಎಫ್‌ಟಿ8, ಪಿಎಸ್‌ಕೆ31, ಜೆಎಸ್8ಕಾಲ್: ಒಂದೇ ತಂತಿಯಲ್ಲಿ ಮೂರನ್ನೂ ಮಾಡಿ ನೋಡಿದೆ

ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೈಗೆ ಬಂದವರು ಕೇಳುವ ಪ್ರಶ್ನೆ ಒಂದೇ: ಡಿಜಿಟಲ್‌ನಲ್ಲಿ, ಅಂದರೆ ರೇಡಿಯೋಗೆ ಕಂಪ್ಯೂಟರ್ ಜೋಡಿಸಿ ಅಕ್ಷರ ಕಳಿಸುವ ವಿಧಾನಗಳಲ್ಲಿ, ಮೊದಲು ಯಾವುದು? ನಾನೂ ಕೇಳಿದ್ದೆ. ಎಲ್ಲರೂ ಎಫ್‌ಟಿ8 ಅಂದರು. ಆದರೂ ಸುಮ್ನೆ ನಂಬದೆ ಒಂದೊಂದು ತಿಂಗಳು ಒಂದೊಂದನ್ನು ಹಿಡಿದು ಕೂತೆ.

ಸಾಮಾನು ಇಷ್ಟೇ. ಮೈಸೂರಿನ ನಮ್ಮ ಮನೆ ತಾರಸಿ ಮೇಲೆ 20 ಮೀಟರ್ ಬ್ಯಾಂಡಿನ ಡೈಪೋಲ್ ಆಂಟೆನಾ. ಎರಡೂ ಕಡೆ ಐದೈದು ಮೀಟರ್ ತಂತಿ, ನಡುವೆ ಬಿದಿರಿನ ಗಳ. ರೇಡಿಯೋ ಹಳೆಯದು, ಅದರಲ್ಲಿ ಯುಎಸ್‌ಬಿ ಇಲ್ಲ. ಅದಕ್ಕೆ ಒಂದು ಅಗ್ಗದ ಸೌಂಡ್ ಕಾರ್ಡ್, ಎರಡು ಚಿಕ್ಕ ಆಡಿಯೋ ಟ್ರಾನ್ಸ್‌ಫಾರ್ಮರ್ ಸೇರಿಸಿ ನಾನೇ ಬೆಸುಗೆ ಹಾಕಿಕೊಂಡೆ. ಪವರ್ 20 ವಾಟ್.

ಮೊದಲು ಎಫ್‌ಟಿ8. 2017ರಲ್ಲಿ ಬಂದದ್ದು. ಇದನ್ನು ಮಾಡಿದ ಇಬ್ಬರಲ್ಲಿ ಒಬ್ಬರು ಜೋ ಟೇಲರ್, 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ವಿಜ್ಞಾನಿ. ಪಲ್ಸಾರ್ ಎಂಬ ದೂರದ ನಕ್ಷತ್ರಗಳ ಸಣ್ಣ ಸದ್ದು ಹುಡುಕಿದವರಿಗೆ ನನ್ನ 20 ವಾಟ್ ಹುಡುಕೋದು ದೊಡ್ಡದಲ್ಲ, ಅಲ್ವಾ? ಗದ್ದಲಕ್ಕಿಂತ 20 ಡೆಸಿಬೆಲ್ ಕೆಳಗಿದ್ದರೂ ಡಿಕೋಡ್ ಆಗುತ್ತದೆ, ಅಂದರೆ ಕಂಪ್ಯೂಟರ್ ಅದನ್ನು ಅಕ್ಷರ ಮಾಡಿಕೊಳ್ಳುತ್ತದೆ. ಕಿವಿಗೆ ಬರೀ ಸೊಂಯ್ ಅನ್ನುವಾಗ ಪರದೆ ಮೇಲೆ ಊರೂರಿನ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು) ಬರುತ್ತಿರುತ್ತವೆ.

ಆದರೆ ಮೊದಲ ದಿನ ನನಗೆ ಒಂದು ಸಾಲೂ ಬರಲಿಲ್ಲ. 14.074 ಮೆಗಾಹರ್ಟ್ಸ್‌ನಲ್ಲಿ ವಾಟರ್‌ಫಾಲ್ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಚಿತ್ರ) ತುಂಬ ಗೆರೆಗಳು, ಡಿಕೋಡ್ ಸೊನ್ನೆ. ಎರಡು ಗಂಟೆ ವೈರ್ ಕಿತ್ತು ಹಾಕಿದ ಮೇಲೆ ಗೊತ್ತಾಯಿತು, ಲ್ಯಾಪ್‌ಟಾಪ್ ಗಡಿಯಾರ ನಾಲ್ಕು ಸೆಕೆಂಡ್ ಹಿಂದಿತ್ತು. ಎಫ್‌ಟಿ8 ಹದಿನೈದು ಹದಿನೈದು ಸೆಕೆಂಡಿನ ಸರದಿಯಲ್ಲಿ ನಡೆಯುತ್ತದೆ. ಗಡಿಯಾರ ಒಂದು ಸೆಕೆಂಡಿನೊಳಗೆ ಸರಿ ಇರಬೇಕು. ಇಂಟರ್ನೆಟ್‌ನಿಂದ ಸಮಯ ಹೊಂದಿಸಿದ್ದೇ ತಡ, ಪರದೆ ತುಂಬಿತು. ಆ ಸಂಜೆಯೇ ಜಪಾನ್, ಇಂಡೋನೇಷ್ಯಾ, ಇಟಲಿ.

ಖುಷಿ ಆಯಿತು, ಸುಳ್ಳೇಕೆ ಹೇಳಲಿ. ಎರಡನೇ ವಾರಕ್ಕೆ ಬೇಜಾರೂ ಆಯಿತು. ಕಾಲ್‌ಸೈನ್, ನನ್ನ ಗ್ರಿಡ್ (ನಕ್ಷೆಯಲ್ಲಿ ನಮ್ಮೂರಿನ ಚೌಕ) ಎಂಕೆ82, ಸಿಗ್ನಲ್ ರಿಪೋರ್ಟ್, 73 (ಹ್ಯಾಮ್‌ಗಳ ಶುಭಾಶಯ). ಒಂದೂವರೆ ನಿಮಿಷದಲ್ಲಿ ಮುಗಿಯಿತು. ನಾನು ಮಾಡಿದ್ದು ಒಂದು ಡಬಲ್ ಕ್ಲಿಕ್. ಬೇರೆ ಏನಾದರೂ ಹೇಳಬೇಕೆಂದರೆ ಒಂದು ಸರದಿಗೆ 13 ಅಕ್ಷರ, ಅಷ್ಟೇ. ಇನ್ನೊಂದು ಮಾತು: ಹದಿನೈದರಲ್ಲಿ ಹನ್ನೆರಡೂವರೆ ಸೆಕೆಂಡಿಗೂ ಜಾಸ್ತಿ ಪೂರ್ತಿ ಪವರ್ ಹೋಗುತ್ತಿರುತ್ತದೆ. 100 ವಾಟ್ ರೇಡಿಯೋ ಇದ್ದರೂ 30 ದಾಟಬೇಡಿ. ಹಿಂಬದಿ ಮುಟ್ಟಿ ನೋಡಿ, ದೋಸೆ ಕಾವಲಿ ನೆನಪಾಗುತ್ತದೆ.

ಎರಡನೇ ತಿಂಗಳು ಪಿಎಸ್‌ಕೆ31. ಇಂಗ್ಲೆಂಡಿನ ಪೀಟರ್ ಮಾರ್ಟಿನೆಜ್ 1998ರ ಕೊನೆಗೆ ಹೊರತಂದದ್ದು. ಎಫ್‌ಎಲ್‌ಡಿಜಿ ತಂತ್ರಾಂಶ ತೆರೆದು 14.070ಕ್ಕೆ ಹೋದರೆ ಎಫ್‌ಟಿ8ನ ಸಂತೆ ಇಲ್ಲ. ಎರಡೋ ಮೂರೋ ಗೆರೆ, ಎಷ್ಟೋ ಸಂಜೆ ಅದೂ ಇಲ್ಲ. ಸಿಗ್ನಲ್ ಕುಗ್ಗಿದರೆ ಅಕ್ಷರ ಕಲಸಿಹೋಗುತ್ತವೆ, ತಪ್ಪು ತಿದ್ದುವ ಏರ್ಪಾಡು ಇದರಲ್ಲಿಲ್ಲ. ಆದರೆ ಇಲ್ಲಿ ಟೈಪ್ ಮಾಡಿದ್ದು ಟೈಪ್ ಮಾಡಿದ ಹಾಗೇ ಹೋಗುತ್ತದೆ, ಆ ಕಡೆಯವರು ಯೋಚಿಸಿ ಬರೆಯುವುದೂ ಕಾಣುತ್ತದೆ.

ನನ್ನ ಸ್ಟೇಷನ್ನಿನ ದೋಷ ಗೊತ್ತಾದದ್ದೂ ಇಲ್ಲೇ. ಇಟಲಿಯ ಒಬ್ಬರು ಬರೆದರು: ನಿಮ್ಮ ಗೆರೆಯ ಎರಡೂ ಪಕ್ಕ ಮರಿ ಗೆರೆಗಳಿವೆ, ಆಡಿಯೋ ಇಳಿಸಿ. ರೇಡಿಯೋದ ಎಎಲ್‌ಸಿ (ಆಡಿಯೋ ಜಾಸ್ತಿಯಾದರೆ ತಾನೇ ತಗ್ಗಿಸುವ ಏರ್ಪಾಡು) ಮುಳ್ಳು ಏಳದ ಹಾಗೆ ಸೌಂಡ್ ಕಾರ್ಡಿನ ಮಟ್ಟ ಇಳಿಸಿದೆ, ಸರಿಹೋಯಿತು. ಒಂದು ತಿಂಗಳು ಎಫ್‌ಟಿ8ನಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಹೇಳಲು ಅಲ್ಲಿ ಜಾಗವೆಲ್ಲಿದೆ? ಮತ್ತೊಬ್ಬರು, ನಡುವೆ ಟಿಂಗ್ ಅಂತ ಸದ್ದು ಬಂತು ಅಂದರು. ರೇಡಿಯೋವನ್ನು ವಾಕ್ಸ್‌ನಲ್ಲಿ (ಸದ್ದು ಬಂದೊಡನೆ ತಾನೇ ಪ್ರಸಾರ ಶುರುವಾಗುವ ಹಾಗೆ) ಇಟ್ಟಿದ್ದೆ, ಇಮೇಲ್ ಬಂದ ಗಂಟೆ ಗಾಳಿಗೆ ಹೋಗಿತ್ತು. ಲ್ಯಾಪ್‌ಟಾಪಿನ ಎಲ್ಲ ಸದ್ದನ್ನೂ ಮೊದಲೇ ಮುಚ್ಚಿಬಿಡಿ.

ಜೆಎಸ್8ಕಾಲ್ ಎರಡರ ನಡುವಿನ ಕೂಸು. ಒಳಗೆ ಎಫ್‌ಟಿ8ನ ತಂತ್ರ, ಹೊರಗೆ ಮಾತುಕತೆ. ನಾನಿಲ್ಲದಾಗ ಸಂದೇಶ ಇಟ್ಟುಕೊಳ್ಳುತ್ತದೆ, ಮೂರನೆಯವರ ಮೂಲಕ ದಾಟಿಸುತ್ತದೆ. ಐಡಿಯಾ ನನಗೆ ತುಂಬಾ ಹಿಡಿಸಿತು. ಆದರೆ ನಮ್ಮ ಸಂಜೆ ಹೊತ್ತಿಗೆ 14.078ರಲ್ಲಿ ಜನವೇ ಇಲ್ಲ, ಮಾತೂ ಎತ್ತಿನ ಗಾಡಿ. ಗೆಳೆಯರಿಬ್ಬರು ಮೊದಲೇ ಹೊತ್ತು ಗೊತ್ತು ಮಾಡಿಕೊಂಡರೆ ಚೆನ್ನ. ಒಬ್ಬರೇ ಶುರು ಮಾಡುವವರಿಗೆ ಬೇಡ.

ಹಾಗಾದರೆ ಮೊದಲು ಯಾವುದು? ಎಫ್‌ಟಿ8 ಹಾಕಿ, ಪಿಎಸ್‌ಕೆ ರಿಪೋರ್ಟರ್ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಸಿಗ್ನಲ್ ಎಲ್ಲೆಲ್ಲಿ ಬಿತ್ತು ನೋಡಿ. ತಂತಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಅಲ್ಲೇ ಬೇರು ಬಿಡಬೇಡಿ. ನಾನೀಗ ಸಂಜೆ ಆರಕ್ಕೆ ಎಫ್‌ಟಿ8ನಲ್ಲಿ ಬ್ಯಾಂಡ್ ತೆರೆದಿದೆಯಾ (ದೂರದ ಸಿಗ್ನಲ್ ಬರುತ್ತಿದೆಯಾ) ಅಂತ ನೋಡಿ, ನಾಲ್ಕು ಕಿಲೋಹರ್ಟ್ಸ್ ಕೆಳಗಿಳಿದು 14.070ರಲ್ಲಿ ಸಿಕ್ಯೂ (ಯಾರಾದರೂ ಇದ್ದೀರಾ ಎಂಬ ಕರೆ) ಕೊಡುತ್ತೇನೆ. ಮೊನ್ನೆ ಅರ್ಧ ಗಂಟೆ ಕಾದರೂ ಯಾರೂ ಬರಲಿಲ್ಲ, ಕಾಫಿಯೂ ಆರಿತು. ಹಿಂದಿನ ದಿನ ಒಬ್ಬರು ಬಂದು, ನಿಮ್ಮೂರಲ್ಲಿ ಮಳೆ ಹೇಗಿದೆ ಎಂದು ಕೇಳಿದ್ದರು.