ಎಂಟು ವರ್ಷ, 78,000 ಕಿ.ಮೀ: ಆಲ್ಟೋ 800ರಲ್ಲಿ ಸಂಡೂರಿನಿಂದ ಮುಳ್ಳಯ್ಯನಗಿರಿಯವರೆಗೆ

"ಇಷ್ಟು ಸಣ್ಣ ಗಾಡಿ, ನಾಲ್ಕು ಜನ ಕೂತರೆ ಘಾಟಿ ಹತ್ತುತ್ತಾ?" ಬಳ್ಳಾರಿಯಲ್ಲಿ ಮೊದಲ ಸಲ ಕಾರು ಕೊಳ್ಳುವವರು ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. 2016ರಲ್ಲಿ ಪೆಟ್ರೋಲ್ ಆಲ್ಟೋ ತಗೊಂಡಾಗ ನನಗೂ ಇದೇ ಅನುಮಾನವಿತ್ತು. ಹತ್ತುತ್ತದೆ. ಹೆಂಡತಿ, ಮಗಳು, ಅರವತ್ತೆಂಟು ದಾಟಿದ ಅಮ್ಮ, ಜೊತೆಗೆ ರೊಟ್ಟಿ ಡಬ್ಬಿ, ಶೇಂಗಾ ಚಟ್ನಿಪುಡಿ, ನೀರಿನ ಕ್ಯಾನು ಎಲ್ಲ ಹೊತ್ತು ಹತ್ತಿದೆ. ಆದರೆ ಅದನ್ನು ಹತ್ತಿಸುವುದನ್ನು ನಾವು ಕಲಿಯಬೇಕು. ನಾನು ಕಲಿತದ್ದು ಸಂಡೂರಿನ ಗುಡ್ಡಗಳಲ್ಲಿ.

ನಮ್ಮೂರು ಬಯಲು. ಊರೊಳಗಿನ ಕೋಟೆ ಗುಡ್ಡ ಬಿಟ್ಟರೆ ಏರು ಎಂಬುದು ನೋಡಬೇಕಾದರೆ ತೋರಣಗಲ್ಲು ದಾಟಿ ಸಂಡೂರಿಗೆ ಹೋಗಬೇಕು. ಮೊದಲ ಮಳೆಗಾಲದಲ್ಲಿ ಸ್ವಾಮಿಮಲೆಯ ಕುಮಾರಸ್ವಾಮಿ ಗುಡಿಗೆ ಹೊರಟಾಗ ಅರ್ಧ ದಾರಿಯಲ್ಲೇ ಕ್ಲಚ್ ಸುಟ್ಟ ವಾಸನೆ ಬಂತು. ತಪ್ಪು ನನ್ನದೇ. ಮೂರನೇ ಗೇರಿನಲ್ಲಿ ಗಾಡಿ ಉಸಿರುಗಟ್ಟುತ್ತಿದ್ದರೂ ಗೇರು ಇಳಿಸದೆ, ಅರ್ಧ ಕ್ಲಚ್ ಒತ್ತಿಕೊಂಡೇ ಎಳೆಸುತ್ತಿದ್ದೆ. ಪಕ್ಕಕ್ಕೆ ನಿಲ್ಲಿಸಿದಾಗ ಅದಿರು ಲಾರಿಯ ಡ್ರೈವರೊಬ್ಬರು ಇಳಿದು ಬಂದು ನೋಡಿದರು. "ಸಣ್ಣ ಇಂಜಿನ್ ಅಣ್ಣಾ, ಅದಕ್ಕೆ ಓಡೋಕೆ ಬಿಡ್ರಿ. ಎರಡನೇ ಗೇರ್ ಹಾಕಿ ಕ್ಲಚ್ ಮೇಲಿಂದ ಕಾಲು ತೆಗೀರಿ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು" ಎಂದರು. ಆ ಎರಡು ನಿಮಿಷದ ಮಾತು ಡ್ರೈವಿಂಗ್ ಕಲಿಸಿದವರಿಂದಲೂ ನನಗೆ ಸಿಕ್ಕಿರಲಿಲ್ಲ.

ಇದಕ್ಕೆ ಕಾರಣ ಲೆಕ್ಕದಲ್ಲೇ ಇದೆ. 796 ಸಿಸಿ, ಮೂರು ಸಿಲಿಂಡರ್, 69 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಅದು ಪೂರ್ತಿ ಸಿಗುವುದು ಇಂಜಿನ್ ನಿಮಿಷಕ್ಕೆ 3,500 ಸುತ್ತು ತಿರುಗುವಾಗ, ಅಂದರೆ 3,500 ಆರ್‌ಪಿಎಂ ಹತ್ತಿರ. ಇಂಜಿನ್ ಸದ್ದು ಜೋರಾಯಿತೆಂದು ಹೆದರಿ ಮೇಲಿನ ಗೇರಿಗೆ ಹೋದರೆ ಶಕ್ತಿ ಇಲ್ಲದ ಜಾಗಕ್ಕೇ ಅದನ್ನು ನೂಕಿದಂತೆ. ಏರು ಶುರುವಾಗುವ ಮೊದಲೇ ಗೇರು ಇಳಿಸಿ, ಏಸಿ ಆರಿಸಿ. ಬಳ್ಳಾರಿಯ ಏಪ್ರಿಲ್‌ನಲ್ಲಿ ಏಸಿ ಇಲ್ಲದೆ ಕೂರಲಾಗದು ನಿಜ, ಆದರೆ ಮಲೆಯ ಮೇಲೆ ಕಿಟಕಿ ಇಳಿಸಿದರೆ ಸಾಕು. ಏಸಿ ಆರಿಸಿದ ಗಳಿಗೆಯಲ್ಲೇ ಗಾಡಿ ಹಗುರಾದದ್ದು ಕಾಲಿಗೆ ಗೊತ್ತಾಗುತ್ತದೆ.

ಸಂಡೂರು ಕೈಗೆ ಹತ್ತಿದ ಮೇಲೆ ಚಿಕ್ಕಮಗಳೂರಿಗೆ ಹೊರಟೆವು. ಬೆಳಗಿನ ಜಾವ ನಾಲ್ಕಕ್ಕೆ ಬಳ್ಳಾರಿ ಬಿಟ್ಟು ಚಳ್ಳಕೆರೆ, ಹಿರಿಯೂರು, ಹೊಸದುರ್ಗ, ಕಡೂರು. ನೇರ ರಸ್ತೆಯಲ್ಲಿ ಗಂಟೆಗೆ ಎಂಬತ್ತರವರೆಗೆ ಕಾರು ನೆಮ್ಮದಿಯಾಗಿ ಓಡುತ್ತದೆ. ಅದರ ಮೇಲೆ ಹೋದರೆ ಎದುರಿಂದ ಬಸ್ಸು ದಾಟಿದಾಗ ಗಾಳಿಗೆ ಅಲುಗುತ್ತದೆ, ನಾನು ಹೋಗುವುದಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರಾದರೆ ಸರಿ, ಮೂವರಿಗೆ ಇಷ್ಟು ದೂರ ಕಷ್ಟ. ಡಿಕ್ಕಿ 177 ಲೀಟರ್, ಎರಡು ಮಧ್ಯಮ ಬ್ಯಾಗಿಗೇ ತುಂಬುತ್ತದೆ. ಮೊಣಕಾಲು ನೋವಿನ ಅಮ್ಮನಿಗೆ ಮುಂದಿನ ಸೀಟೇ ಬೇಕು.

ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಇಂಜಿನ್ ಸಾವಿರ ಮೀಟರಿಗೆ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಕೊನೆಯ ತಿರುವುಗಳಲ್ಲಿ ಮೊದಲ ಗೇರು ಬೇಕಾಯಿತು, ಅದಕ್ಕೆ ಸಂಕೋಚಪಡಬೇಕಿಲ್ಲ. ಸಣ್ಣ ಕಾರಿನ ಬೆಲೆ ನನಗೆ ತಿಳಿದದ್ದು ಇಲ್ಲೇ. ರಸ್ತೆ ಕಿರಿದು, ಒಂದು ಬದಿ ಬಂಡೆ, ಇನ್ನೊಂದು ಬದಿ ಕಣಿವೆ. ಎದುರುಬದುರಾದ ಎರಡು ದೊಡ್ಡ ಕಾರುಗಳು ಮುಂದಕ್ಕೂ ಹಿಂದಕ್ಕೂ ಆಗದೆ ನಿಂತಿದ್ದವು. ಸುಮಾರು ಒಂದೂವರೆ ಮೀಟರ್ ಅಗಲದ ನಮ್ಮ ಗಾಡಿ ಅಂಚಿನ ಒಂದು ಸಣ್ಣ ಜಾಗದಲ್ಲಿ ಸರಿದು ನಿಂತಿತು. ತಿರುಗಲು 4.6 ಮೀಟರ್ ತ್ರಿಜ್ಯ ಸಾಕು, ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಒಂದರಲ್ಲೂ ಹಿಂದಕ್ಕೆ ತೆಗೆಯಬೇಕಾಗಲಿಲ್ಲ. ಒಂದು ಮಾತು: ಕಿರಿದಾದ ಏರಿನಲ್ಲಿ ಹತ್ತುವ ವಾಹನಕ್ಕೇ ಮೊದಲ ದಾರಿ ಎನ್ನುವುದು ಕಾನೂನು. ಇಳಿಯುವವರು ನಿಲ್ಲಬೇಕು. ಇದನ್ನು ತಿಳಿಯದೆ ಲೈಟ್ ಮಿನುಗಿಸಿ ನುಗ್ಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇಳಿಜಾರಿನ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಅಪಾಯ ಇರುವುದು ಅಲ್ಲಿ. ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ತೇವ ಹೀರಿ ಹಳೆಯದಾಗಿದ್ದರೆ ಬೇಗ ಕುದಿಯುತ್ತದೆ, ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಎರಡನೇ ಗೇರಿನಲ್ಲಿ ಇಳಿಸಿದರೆ ಇಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ನನ್ನ ಕಾರಿನಲ್ಲಿ ಇಲ್ಲ. ಹೊಸ ಕಾರುಗಳೆಲ್ಲಕ್ಕೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಹಾಗಾಗಿ ಜೋರು ಮಳೆ, ಮಂಜು ಇದ್ದರೆ ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿಯುವುದಿಲ್ಲ, ಎಲ್ಲಾದರೂ ನಿಂತು ಕಾಯುತ್ತೇನೆ. ಹಳೇ ಗಾಡಿ ಕೊಳ್ಳುವವರು 2019ರ ನಂತರದ್ದನ್ನೇ ನೋಡಿ ಎಂದು ಕೈಮುಗಿದು ಹೇಳುತ್ತೇನೆ.

ಈ ಎಂಟು ವರ್ಷದಲ್ಲಿ ಗಾಡಿಯನ್ನು ಸವೆಸಿದ್ದು ಮಲೆನಾಡಿಗಿಂತ ನಮ್ಮ ಬಯಲೇ. ಸಂಡೂರು–ತೋರಣಗಲ್ಲು ರಸ್ತೆಯ ಕೆಂಪು ಧೂಳು ಏರ್ ಫಿಲ್ಟರಿನಲ್ಲಿ ಕೂತರೆ ಊರೊಳಗೆ ಗೊತ್ತಾಗುವುದಿಲ್ಲ, ಘಾಟಿಯಲ್ಲಿ ಮಾತ್ರ ಗಾಡಿ ಸೋತಂತೆ ಆಡುತ್ತದೆ. ಐದು ಸಾವಿರ ಕಿ.ಮೀ.ಗೊಮ್ಮೆ ನಾನೇ ತೆಗೆದು ನೋಡುತ್ತೇನೆ. ಒಂದು ಸಲ ಮುಳ್ಳಯ್ಯನಗಿರಿ ದಾರಿಯ ಕೈಮರದ ಹತ್ತಿರ ಬಾನೆಟ್‌ನಿಂದ ಆವಿ ಎದ್ದಿತು. ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ಮುಟ್ಟದೆ ಮುಕ್ಕಾಲು ಗಂಟೆ ಆರಲು ಬಿಟ್ಟೆವು. ಆಮೇಲೆ ತಿಳಿದದ್ದು: ಬಳ್ಳಾರಿಯ ಒಂದು ಗ್ಯಾರೇಜಿನವರು ಇಂಜಿನ್ ತಣ್ಣಗಿಡುವ ಕೂಲೆಂಟ್ ದ್ರವದ ಬದಲು ಬೋರಿನ ಗಡಸು ನೀರು ತುಂಬಿ, ಬಿಲ್ಲಿನಲ್ಲಿ ಕೂಲೆಂಟ್ ಎಂದೇ ಬರೆದಿದ್ದರು. ರೇಡಿಯೇಟರ್ ಒಳಗೆಲ್ಲ ತುಕ್ಕು, ಸುಣ್ಣ. ಅಮ್ಮ ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದ ಆ ಮುಕ್ಕಾಲು ಗಂಟೆಯನ್ನು ನಾನು ಮರೆತಿಲ್ಲ. ಅಂದಿನಿಂದ ನನ್ನ ಕಣ್ಣೆದುರೇ ಕೂಲೆಂಟ್ ಹಾಕಿಸುತ್ತೇನೆ.

ಮೈಲೇಜು ಊರಲ್ಲಿ 17, ಹೆದ್ದಾರಿಯಲ್ಲಿ 21, ಬರೀ ಘಾಟಿಯಾದರೆ 14. ಟ್ಯಾಂಕ್ 35 ಲೀಟರ್. ಕ್ಲಚ್ ಪ್ಲೇಟ್ ಒಂದು ಸಲ, ಟೈರು ಎರಡು ಸಲ, ಬ್ಯಾಟರಿ ಎರಡು ಸಲ ಬದಲಾಗಿದೆ. ಇಂಜಿನ್ ಬಿಚ್ಚಿಲ್ಲ.

ಗಾಂಧೀಜಿ 'ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ' ಎಂದಿದ್ದರೆಂದು ಸಂಡೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಮಳೆ ಬಿದ್ದ ಮೇಲೆ ನಾರಿಹಳ್ಳದ ಜಲಾಶಯದ ಸುತ್ತ ಗುಡ್ಡಗಳು ಹಸಿರಾಗಿ, ಮೋಡ ಕೈಗೆಟುಕುವಷ್ಟು ಕೆಳಗಿಳಿದಾಗ ಆ ಮಾತು ನಂಬುವಂತೆಯೇ ಇರುತ್ತದೆ. ಸ್ವಾಮಿಮಲೆಗೆ ಮತ್ತೆ ಹೋಗೋಣ ಎಂದು ಅಮ್ಮ ಈಗಲೇ ಹೇಳುತ್ತಿದ್ದಾರೆ. ಮುಂದಿನ ಎರಡು ಟೈರಿನ ಅಂಚು ಸವೆದಿದೆ, ಹೊರಡುವ ಮೊದಲು ಅವನ್ನು ಬದಲಾಯಿಸಿ ಅಲೈನ್‌ಮೆಂಟ್ ಮಾಡಿಸಬೇಕು.