ಎರರ್ ಮುಚ್ಚಿಟ್ಟು ‘ಫಿಕ್ಸ್ ಮಾಡಿದ್ದೇವೆ’ ಅನ್ನುವವರಿದ್ದಾರೆ, ಹುಷಾರ್!

ಹೊರಗಿನವರಿಂದ ಸ್ಕ್ರಿಪ್ಟ್ ಬರೆಸುವವರು ದಯವಿಟ್ಟು ಇದನ್ನು ಓದಿ. ನನಗಾದದ್ದು ನಿಮಗೆ ಆಗಬಾರದು.

ತರಬೇತಿಗೆ ಹೆಸರು ನೋಂದಾಯಿಸಲು ಪಿಎಚ್‌ಪಿ ಅನ್ನುವ ವೆಬ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್ ಬರೆಸಿದ್ದೆ. ಸರ್ವರ್‌ಗೆ ಪಿಎಚ್‌ಪಿ 8.1 ಬಂದಮೇಲೆ ಪುಟ ಆಗಾಗ ಅರ್ಧಕ್ಕೇ ನಿಂತು ಎರರ್ ತೋರಿಸತೊಡಗಿತು. 8.1ರಿಂದ ಕ್ವೆರಿ (ಡೇಟಾಬೇಸಿಗೆ ಕೊಡುವ ಆದೇಶ) ಫೇಲ್ ಆದರೆ, ಪಿಎಚ್‌ಪಿಯನ್ನು ಡೇಟಾಬೇಸಿಗೆ ಜೋಡಿಸುವ ಮೈಎಸ್‌ಕ್ಯೂಎಲ್‌ಐ ತಾನಾಗಿಯೇ ಎಕ್ಸೆಪ್ಶನ್ ಕೊಡುತ್ತದೆ, ಅಂದರೆ ಅದನ್ನು ಹಿಡಿಯುವ ಕೋಡ್ ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಮುಂಚೆ ಸುಮ್ನೆ ಫಾಲ್ಸ್ (ಆಗಲಿಲ್ಲ ಅನ್ನುವ ಉತ್ತರ) ಕೊಟ್ಟು ಮುಂದೆ ಹೋಗುತ್ತಿತ್ತು. ಬರೆದವರಿಗೆ ತಿಳಿಸಿದೆ. ಅದೇ ದಿನ ಉತ್ತರ: "ಫಿಕ್ಸ್ ಮಾಡಿದ್ದೇವೆ ಸರ್." ಎರರ್ ಮಾಯ. ಥ್ಯಾಂಕ್ಸ್ ಬೇರೆ ಹೇಳಿದೆ!

ತರಬೇತಿಯ ದಿನ ಜನ ‘ನೋಂದಣಿ ಯಶಸ್ವಿಯಾಗಿದೆ’ ಅನ್ನುವ ಸ್ಕ್ರೀನ್‌ಶಾಟ್ ಹಿಡಿದು ಬಂದರು. ಕೆಲವರ ಹೆಸರು ಪಟ್ಟಿಯಲ್ಲೇ ಇಲ್ಲ. ಡೇಟಾಬೇಸ್‌ನಲ್ಲಿ ಹುಡುಕಿದೆ. ಇಲ್ಲ. ಇಲ್ಲವೇ ಇಲ್ಲ. ಎಲ್ಲರೆದುರು ಸುಳ್ಳುಗಾರನ ಹಾಗೆ ನಿಲ್ಲಬೇಕಾಯಿತು.

ಫೈಲ್ ತೆರೆದು ನೋಡಿದೆ. ಮೈಯೆಲ್ಲ ಉರಿದುಹೋಯಿತು. ಅವರ ‘ಫಿಕ್ಸ್’ ಅಂದರೆ ಒಂದೇ ಸಾಲು: ಮೈಎಸ್‌ಕ್ಯೂಎಲ್‌ಐ ರಿಪೋರ್ಟ್ ಆಫ್, ಅಂದರೆ ಕ್ವೆರಿ ಫೇಲ್ ಆದರೂ ಎಕ್ಸೆಪ್ಶನ್ ಕೊಡಬೇಡ ಅಂತ. ಅದರ ಕೆಳಗೆ ಕ್ವೆರಿ. ಕ್ವೆರಿ ಆಯಿತೋ ಇಲ್ಲವೋ ಅಂತ ನೋಡುವ ಒಂದು ಇಫ್ ಕೂಡ ಇಲ್ಲ. ಮುಂದಿನ ಸಾಲೇ ‘ಯಶಸ್ವಿಯಾಗಿದೆ’! ಜನ ಬರೆದದ್ದನ್ನು ಹಾಗ್ಹಾಗೇ ಕ್ವೆರಿಯೊಳಗೆ ಅಂಟಿಸಿದ್ದರು. ಹೆಸರಿನಲ್ಲೋ ವಿಳಾಸದಲ್ಲೋ ಒಂದು ಅಪಾಸ್ಟ್ರಫಿ (') ಇದ್ದರೆ ಸಾಕು, ಡೇಟಾಬೇಸ್ ಅದನ್ನು ಬರಹದ ಕೊನೆ ಅಂದುಕೊಂಡು ಕ್ವೆರಿ ಅಲ್ಲಿಗೇ ಮುರಿದು ಬೀಳುತ್ತಿತ್ತು. ಇದೇ ದಾರಿಯಲ್ಲಿ ಯಾರು ಬೇಕಾದರೂ ಡೇಟಾಬೇಸಿಗೆ ಕೈ ಹಾಕಬಹುದಿತ್ತು, ಅದು ಇನ್ನೊಂದು ಕಥೆ. 8.1 ಬರುವ ಮೊದಲೂ ಎಷ್ಟು ಹೆಸರು ಹೀಗೇ ಹೋಗಿವೆಯೋ!

ಕೇಳಿದರೆ ಏನಂದರು ಗೊತ್ತಾ? "ಈಗ ಎರರ್ ಬರ್ತಿಲ್ವಲ್ಲ ಸರ್?" ಮತ್ತೆ ಕೇಳಿದೆ. "ಎರರ್ ಕಂಡ್ರೆ ಜನ ಹೆದರ್ತಾರೆ ಅಂತ ಆಫ್ ಮಾಡಿದ್ವಿ." ಹೋದ ಹೆಸರುಗಳು? "ಅದು ಸಪೋರ್ಟ್‌ನಲ್ಲಿ ಬರಲ್ಲ ಸರ್, ಬೇರೆ ಚಾರ್ಜ್ ಆಗುತ್ತೆ."

ಎರರ್ ಜನರಿಗೆ ಕಾಣಬಾರದು, ಒಪ್ಪಿದೆ. ನಾವು ಆಮೇಲೆ ನೋಡುವ ಲಾಗ್ ಫೈಲಿಗಾದರೂ ಬರೆಯಬೇಕಲ್ವಾ? ‘ನೋಂದಣಿ ಆಗಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ’ ಅಂತ ಜನರಿಗೆ ಹೇಳಬೇಕಲ್ವಾ? ಆಗದೇ ಇರುವುದನ್ನು ಆಗಿದೆ ಅನ್ನುವುದು ಶುದ್ಧ ಮೋಸ.

ಹಣ ಕೊಡುವ ಮುಂಚೆ ಟೆಸ್ಟ್ ಕಾಪಿಯಲ್ಲಿ ಟೇಬಲ್ ಹೆಸರು ಬದಲಿಸಿ ಫಾರ್ಮ್ ತುಂಬಿ ನೋಡಿ. ಆಗಲೂ ‘ಯಶಸ್ವಿ’ ಅಂದರೆ ಸ್ಕ್ರಿಪ್ಟ್ ವಾಪಸ್ ಕಳಿಸಿ. ಖಾಲಿ ಕ್ಯಾಚ್ (ಎಕ್ಸೆಪ್ಶನ್ ಹಿಡಿದು ಏನೂ ಮಾಡದ ಕೋಡ್), ಕ್ವೆರಿಯ ಮುಂದೆ @ (ಎಚ್ಚರಿಕೆಗಳನ್ನು ಅಡಗಿಸುವ ಗುರುತು), ನಾನು ಹೇಳಿದ ಆ ಆಫ್ ಸಾಲು, ಇವುಗಳಲ್ಲಿ ಯಾವುದು ಕಂಡರೂ ಕಾರಣ ಕೇಳಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಜನ ಬರೆದದ್ದನ್ನು ಕ್ವೆರಿಯೊಳಗೆ ಅಂಟಿಸದೆ ಬೇರೆಯಾಗಿ ಕೊಡುವ ವಿಧಾನ) ಇಲ್ಲದಿದ್ದರೆ ಒಪ್ಪಿಕೊಳ್ಳಲೇಬೇಡಿ.

ಆ ‘ಬೇರೆ ಚಾರ್ಜ್’ಗೆ ಈಗ ಬಿಲ್ ಕಳಿಸಿದ್ದಾರೆ. ನಾನಂತೂ ಕೊಡುವುದಿಲ್ಲ.